ಕಪ್ಪು ಹೊಗೆ ಕಾಣದಿದ್ದರೆ ಸಾಕೇ?

ಹೊಸ ಡೀಸೆಲ್ ಎಂಜಿನ್‌ಗಳು ಕಪ್ಪು ಹೊಗೆ ಉಗುಳುವುದಿಲ್ಲ, ಆದ್ದರಿಂದ ಆತಂಕ ಬೇಡ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತನ್ನು ನಾನು ಒಪ್ಪಲಾರೆ. ನನ್ನ ತಂದೆ ಲಾರಿ ದುರಸ್ತಿ ಮಾಡುತ್ತಿದ್ದವರು. ಸಂಜೆ ಮನೆಗೆ ಬಂದು ಮೂಗು ಒರೆಸಿಕೊಂಡರೆ ಕರವಸ್ತ್ರದಲ್ಲಿ ಮಸಿ ಮೆತ್ತಿರುತ್ತಿತ್ತು. ಆ ಮಸಿ ಕಡೇಪಕ್ಷ ಮೂಗಿನಲ್ಲೇ ನಿಂತಿತ್ತು. ನನಗೆ ಭಯವಿರುವುದು ನಿಲ್ಲದೆ ಒಳಗಿಳಿದದ್ದರ ಬಗ್ಗೆ. ಹೊಗೆಯಲ್ಲಿರುವ 2.5 ಮೈಕ್ರೋಮೀಟರ್‌ನ ಸೂಕ್ಷ್ಮ ಕಣವೆಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಅದು ಶ್ವಾಸಕೋಶದ ಗಾಳಿಚೀಲಗಳವರೆಗೂ ಹೋಗುತ್ತದೆ. ಅದಕ್ಕಿಂತ ಸೂಕ್ಷ್ಮವಾದವು ರಕ್ತಕ್ಕೂ ಸೇರಬಲ್ಲವು. ಹೃದಯಾಘಾತ, ಪಾರ್ಶ್ವವಾಯುವಿನ ಮಾತು ಬರುವುದು ಇಲ್ಲಿಯೇ, ಕೆಮ್ಮು ದಮ್ಮಿಗಷ್ಟೇ ಇದು ಮುಗಿಯುವುದಿಲ್ಲ.

ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿತು. ಗಣಿ ಕಾರ್ಮಿಕರ ಅಧ್ಯಯನಗಳು ಅದಕ್ಕೆ ಮುಖ್ಯ ಆಧಾರ. ಗಾಳಿಯಲ್ಲಿ 2.5 ಮೈಕ್ರೋಮೀಟರ್‌ವರೆಗಿನ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಮಿತಿಯನ್ನು ಅದೇ ಸಂಸ್ಥೆ 2021ರಲ್ಲಿ ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು.

ಹೊಗೆ ಕೊಳವೆಯ ಫಿಲ್ಟರ್‌ಗಳು ಬಹಳಷ್ಟು ಕಣಗಳನ್ನು ಹಿಡಿಯುತ್ತವೆ, ನಿಜ. ಆದರೆ ಬ್ರೇಕ್, ಟೈರ್ ಸವೆದು ಏಳುವ ಧೂಳನ್ನು ಅವು ತಡೆಯುವುದಿಲ್ಲ. ಲೇಖಕರು ಆ ಬಗ್ಗೆಯೂ ಬರೆಯಬೇಕಿತ್ತು.