ಮಳೆ ಇಲ್ಲಿ, ಬ್ರೇಕಿಂಗ್ ನ್ಯೂಸ್ ಅಲ್ಲಿ

ಕೊಡಗಿನ ಮಳೆಯನ್ನು ಟಿವಿಯಲ್ಲಿ ನೋಡಬೇಕು ಅಂದರೆ ಮೊದಲು ಕೊಡಗು ಬಿಟ್ಟು ಹೊರಡಬೇಕು. ಜುಲೈ ತಿಂಗಳಲ್ಲಿ ಮೂರ್ನಾಡಿನ ನಮ್ಮ ಮನೆಯಲ್ಲಿ ಕೂತು ರಿಮೋಟ್ ಒತ್ತಿದರೆ, ಕರೆಂಟ್ ಇಲ್ಲದ ದಿನ ಕಪ್ಪು ಪರದೆ. ಕರೆಂಟ್ ಇದ್ದ ದಿನ 'ಸಿಗ್ನಲ್ ಇಲ್ಲ' ಎಂಬ ನೀಲಿ ಪರದೆ. ಬಣ್ಣದ ಟಿವಿ ಅಂತ ದುಡ್ಡು ಕೊಟ್ಟಿದ್ದಕ್ಕೆ ಎರಡು ಬಣ್ಣವಂತೂ ಗ್ಯಾರಂಟಿ.

ಇದರಲ್ಲಿ ಡಿಶ್ ಹಾಕಿದವನ ತಪ್ಪೇನೂ ಇಲ್ಲ. ಚಾನೆಲ್‌ಗಳನ್ನು ಹೊತ್ತು ತರುವ ಕೆಯು ಬ್ಯಾಂಡ್ ಅಲೆಯ ಉದ್ದ ಹೆಚ್ಚುಕಡಿಮೆ ಒಂದು ಇಂಚು. ಜೋರು ಮಳೆಯ ದಪ್ಪ ಹನಿಗಳು ಅದನ್ನು ಹೀರಿ, ಚದುರಿಸಿ ಹಾಕುತ್ತವೆ. ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ ಎಲ್ಲೂ ನಿಲ್ಲದೆ ಬಂದ ಸುದ್ದಿ, ನಮ್ಮ ತಲೆ ಮೇಲಿನ ಕೊನೆಯ ನಾಲ್ಕೈದು ಕಿಲೋಮೀಟರ್‌ನಲ್ಲಿ ಮುಗ್ಗರಿಸುತ್ತದೆ. ಬೆಂಗಳೂರಿನಿಂದ ಹಾಯಾಗಿ ಬಂದ ಬಸ್ಸು ನಮ್ಮೂರ ತಿರುವಿನಲ್ಲಿ ಕೆಟ್ಟು ನಿಲ್ಲುವ ಹಾಗೆ.

ಹೀಗಾಗಿ ನಮ್ಮ ಸುದ್ದಿ ನಮಗೆ ಬರುವುದು ಬೆಂಗಳೂರಿನ ಚಿಕ್ಕಮ್ಮನ ಮೂಲಕ. ಟವರ್‌ಗೆ ಜೀವ ಬಂದ ಕೂಡಲೇ ಅವರ ಫೋನು.

"ಏನೋ, ಎಲ್ಲರೂ ಕ್ಷೇಮವಾ?"

"ಕ್ಷೇಮ ಚಿಕ್ಕಮ್ಮ. ಅಕ್ಕಿರೊಟ್ಟಿ ತಿಂತಾ ಇದ್ದೀವಿ."

"ಸುಳ್ಳು ಹೇಳ್ಬೇಡ. ಮಡಿಕೇರಿ ಮುಳುಗಿದೆ ಅಂತ ಟಿವಿಯಲ್ಲಿ ಬಾಯಿ ಬಡ್ಕೊಳ್ತಿದ್ದಾರೆ!"

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿ. ಬೆಂಗಳೂರು 3,000 ಅಡಿ ಚಿಲ್ಲರೆ. ಮಡಿಕೇರಿ ಮುಳುಗುವಷ್ಟು ನೀರು ಬಂದಿದ್ದರೆ ಚಿಕ್ಕಮ್ಮನ ಮೂರನೇ ಮಹಡಿಯ ಫ್ಲ್ಯಾಟು ಮುಳುಗಿ ಎಷ್ಟೋ ಹೊತ್ತಾಗಿರಬೇಕಿತ್ತು. ಹೇಳಿದೆ. "ನಿನಗೆ ಎಲ್ಲಾ ತಮಾಷೆ" ಅಂತ ಬೈದರು.

ನಿಜವಾಗಿ ನೀರು ತುಂಬುವುದು ಭಾಗಮಂಡಲದಲ್ಲಿ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗ. ಮಳೆಗಾಲದಲ್ಲಿ ಸಂಗಮ ದಂಡೆ ದಾಟಿ ರಸ್ತೆಗೆ ಬರುವುದು ಅಲ್ಲಿ ಹೊಸದಲ್ಲ, ಅದಕ್ಕೇ ಈಗ ಮೇಲ್ಸೇತುವೆ ಆಗಿದೆ. ಇನ್ನು ಕರಡಿಗೋಡು, ನೆಲ್ಲಿಹುದಿಕೇರಿಯ ಹೊಳೆದಂಡೆಯವರ ಪಾಡು ಅವರಿಗೇ ಗೊತ್ತು. ಈ ಹೆಸರುಗಳು ಪರದೆ ಕೆಳಗಿನ ಪಟ್ಟಿಯಲ್ಲಿ ಹಿಡಿಸುವುದಿಲ್ಲವೋ ಏನೋ, ಎಲ್ಲಾ ಸೇರಿಸಿ ಮಡಿಕೇರಿ ಅಂದುಬಿಡುತ್ತಾರೆ.

ಹೋದ ಮಳೆಗಾಲದಲ್ಲಿ ಒಂದು ಕ್ಯಾಮೆರಾ ತಂಡ ನಮ್ಮ ಕಡೆಗೂ ಬಂತು. ಹಳದಿ ರೇನ್‌ಕೋಟ್ ಹಾಕಿದ ಹುಡುಗ ಮೈಕ್ ಹಿಡಿದು ರಸ್ತೆಯಲ್ಲಿ ನಿಂತ ನೀರು ಹುಡುಕಿದ. ಇಳಿಜಾರಿನ ಊರು, ನೀರು ನಿಲ್ಲಬೇಕಲ್ಲ? ಕೊನೆಗೆ ಪ್ಯಾಂಟ್ ಮಡಚಿ ಗದ್ದೆಗೇ ಇಳಿದ. ಮೊಣಕಾಲುದ್ದ ಕೆಸರುನೀರಿನಲ್ಲಿ ನಿಂತು, "ನೋಡ್ತಾ ಇದ್ದೀರಲ್ಲ ವೀಕ್ಷಕರೇ, ಕೃಷಿ ಭೂಮಿಗೆ ನೀರು ನುಗ್ಗಿದೆ, ರೈತರು ಕಂಗಾಲಾಗಿದ್ದಾರೆ" ಅಂದ.

ಅದು ನಾಟಿಗೆ ಅಂತ ಉತ್ತು ನೀರು ಕಟ್ಟಿದ ಗದ್ದೆ. ಕಂಗಾಲಾದ ರೈತ ಅಂದರೆ ಪಕ್ಕದ ತೋಟದ ಮಾವ. ತಲೆ ಮೇಲೆ ಪ್ಲಾಸ್ಟಿಕ್ ಹೊದ್ದು ಬದುವಿನ ಮೇಲೆ ನಿಂತು ಇದನ್ನೆಲ್ಲಾ ನೋಡುತ್ತಿದ್ದರು. ಮೈಕ್ ಅವರತ್ತ ಹೋಯಿತು.

"ಅಜ್ಜ, ಎಷ್ಟು ನಷ್ಟ ಆಗಿದೆ?"

"ಈಗ ನೀನು ತುಳಿದದ್ದಾ? ಜಾಸ್ತಿ ಏನಿಲ್ಲ ಮಗ. ಆ ಬದು ಒಡೀಬೇಡ, ಅಷ್ಟೇ. ನೀರು ಹರಿದು ಹೋದ್ರೆ ನಿಜವಾಗ್ಲೂ ನಷ್ಟ."

ಸಂಜೆ ಪ್ರಸಾರದಲ್ಲಿ ಮಾವನ ಮುಖ ಇತ್ತಂತೆ, ಮಾತು ಇರಲಿಲ್ಲವಂತೆ. ಹಿಂದಿನಿಂದ ಪಿಟೀಲು ಅಳುತ್ತಿತ್ತಂತೆ. ಚಿಕ್ಕಮ್ಮನೇ ವರದಿ ಕೊಟ್ಟರು. "ಪಾಪ, ಅವರ ಕಣ್ಣಲ್ಲಿ ನೀರು ತುಂಬಿತ್ತು ಕಣೋ." ಮಳೆ ಅಲ್ವಾ, ಕಣ್ಣಲ್ಲೇನು, ಕಿವಿಯಲ್ಲೂ ತುಂಬಿತ್ತು.

ಎಲ್ಲವೂ ನಗುವ ವಿಷಯವಲ್ಲ, ಗೊತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಟಿವಿಯವರು ತೋರಿಸಿದ್ದು ನಿಜವೇ. ಅದನ್ನು ನೋಡಿಯೇ ಎಲ್ಲೆಲ್ಲಿಂದಲೋ ಅಕ್ಕಿ, ಕಂಬಳಿ ಬಂತು. ಅದಕ್ಕೆ ಕೈಮುಗಿಯುತ್ತೇನೆ. ಆದರೆ ಗುಡ್ಡದಿಂದ ಮನೆ ಜಾರಿ ಬೀಳುವ ಅದೇ ತುಣುಕನ್ನು ಮುಂದಿನ ಮಳೆಗಾಲಗಳಲ್ಲೂ ಬೀಳಿಸಿದರೆ? ಮೂಲೆಯಲ್ಲಿ ಇಸವಿ ಹಾಕಿದರೆ ಇವರ ಗಂಟೇನು ಹೋಗುತ್ತದೆ? ಮನೆ ಕಳೆದುಕೊಂಡವರು ಇಲ್ಲೇ ಇದ್ದಾರೆ, ಅವರೂ ನೋಡುತ್ತಾರೆ. ಹೋಂಸ್ಟೇ ನಡೆಸುವ ನನ್ನ ಗೆಳೆಯನಿಗಂತೂ ಆ ತುಣುಕು ಬಂದ ಅರ್ಧ ಗಂಟೆಯಲ್ಲಿ ಬುಕಿಂಗ್ ರದ್ದು ಮಾಡುವ ಫೋನುಗಳು ಶುರು. ಅವನ ಮನೆ ಇರುವುದು ಸಮತಟ್ಟು ಜಾಗದಲ್ಲಿ, ಜಾರಬೇಕು ಅಂದರೂ ಜಾರದು.

ಮಳೆಯ ವಿಷಯದಲ್ಲಿ ನಮ್ಮದು ಬೇರೆಯೇ ಇಲಾಖೆ. ಕಾಫಿ ತೋಟದವರು ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ. ಇಂಚಿಗೆ ನೂರು ಸೆಂಟು. ಅಂಗಳದ ಮಳೆಮಾಪಕದ ನೀರನ್ನು ಬೆಳಿಗ್ಗೆ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಕನ್ನಡಕ ಸರಿಮಾಡಿಕೊಂಡು ಓದುವಾಗ ಮಾವನನ್ನು ಯಾರೂ ಮಾತಾಡಿಸುವಂತಿಲ್ಲ. ಬರೆದಿಟ್ಟ ಮೇಲೇ ಕಾಫಿ. ಆಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ "3 ಇಂಚು 15 ಸೆಂಟ್" ಅಂತ ಹಾಕುತ್ತಾರೆ. ಹೊಳೆ ಆಚೆಯವರು "ನಮ್ಮಲ್ಲಿ 3-40" ಅಂದರೆ ಇವರಿಗೆ ಇಡೀ ದಿನ ಮುಖ ಸಪ್ಪೆ.

ಟಿವಿಯವರು ಹೇಳುವ ಮಿಲಿಮೀಟರ್ ಮಾವನಿಗೆ ಲೆಕ್ಕಕ್ಕಿಲ್ಲ. ರೆಡ್ ಅಲರ್ಟ್ ಅಂದರೇನು ಅಂತ ಕೇಳಿದರು. ದಿನಕ್ಕೆ 204.4 ಮಿ.ಮೀ.ಗಿಂತ ಜಾಸ್ತಿ ಮಳೆಯ ಮುನ್ಸೂಚನೆ ಅಂದೆ.

"ಇಂಚಲ್ಲಿ ಹೇಳು."

25.4ರಿಂದ ಭಾಗಿಸಿ "ಎಂಟು" ಅಂದೆ.

"ಹಾಂ, ಅದು ಮಳೆ. ಹಳದಿ ಅಂದ್ರೆ?"

"64.5ರಿಂದ ಶುರು. ಎರಡೂವರೆ ಇಂಚು."

"ಎರಡೂವರೆಗೆಲ್ಲಾ ಬಣ್ಣ ಯಾಕೆ?"

ಇದೇ ಮಾವ ಮಾರ್ಚ್‌ನಲ್ಲಿ ಬರೀ 30 ಸೆಂಟು ಬಿದ್ದರೆ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಕಾಫಿ ಹೂವಿಗೆ ಬೀಳುವ ಮಳೆ ಸರಿಯಾಗಿ ಒಂದು ಇಂಚಿನ ಹತ್ತಿರ ಬರಬೇಕು. ಅರ್ಧಂಬರ್ಧ ಬಂದರೆ ರೊಬಸ್ಟಾ ಮೊಗ್ಗು ಹಾಳು, ವರ್ಷದ ಫಸಲಿಗೇ ಏಟು. ನಮಗೆ ನಿಜವಾದ ಬ್ರೇಕಿಂಗ್ ನ್ಯೂಸ್ ಅದು. ಆದರೆ ಬಾರದ ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ನಿಲ್ಲುವುದು ಹೇಗೆ? ಕ್ಯಾಮೆರಾ ಬರುವುದಿಲ್ಲ.

ಇನ್ನು ಕರೆಂಟಿನ ಕತೆ. ಮರ ಬಿದ್ದು ತಂತಿ ಹರಿದರೆ ದೂರು ಕೊಡಲು ನಂಬರ್ ಇದೆ. ನೆಟ್‌ವರ್ಕ್ ಸಿಗುವುದು ಮೇಲಿನ ಮೋರಿ ಹತ್ತಿರ. ಬಲಗೈಯಲ್ಲಿ ಕೊಡೆ, ಎಡಗೈಯಲ್ಲಿ ಫೋನು, ಕಾಲಲ್ಲಿ ಜಿಗಣೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯವಳು.

"ಆರ್‌ಆರ್ ನಂಬರ್ ಹೇಳಿ ಸರ್." ಹೇಳಿದೆ.

"ಯಾವ ಮೇನ್, ಯಾವ ಕ್ರಾಸ್ ಸರ್?"

"ಕ್ರಾಸ್ ಇಲ್ಲಮ್ಮ, ತೋಟ."

"ಲ್ಯಾಂಡ್‌ಮಾರ್ಕ್ ಏನಾದ್ರೂ ಇದ್ಯಾ ಸರ್?"

"ಒಂದು ದೊಡ್ಡ ಸಿಲ್ವರ್ ಓಕ್ ಇತ್ತು. ಅದೇ ಈಗ ತಂತಿ ಮೇಲೆ ಬಿದ್ದಿರೋದು."

ಮರುದಿನ ಮೆಸೇಜು ಬಂತು: ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಅಂಕ ಕೊಡಿ. ಮರ ಬಿದ್ದಲ್ಲೇ ಇತ್ತು. ಕೊನೆಗೆ ಕರೆಂಟ್ ತಂದದ್ದು ನಮ್ಮ ಲೈನ್‌ಮನ್. ಜಡಿಮಳೆಯಲ್ಲಿ ಏಣಿ ಹೊತ್ತು ಬಂದರು, ನಾವು ಕತ್ತಿ ಹಿಡಿದು ಕೊಂಬೆ ಕಡಿದುಕೊಟ್ಟೆವು, ಅವರು ಕಂಬ ಹತ್ತಿದರು. ಅಂಕ ಕೊಡುವುದಾದರೆ ಅವರಿಗೆ ಕೊಡಬೇಕು. ಮೆಸೇಜಿನಲ್ಲಿ ಅವರ ಹೆಸರಿಗೆ ಜಾಗವೇ ಇರಲಿಲ್ಲ.

ತಂತ್ರಜ್ಞಾನ ಬೇಡ ಅನ್ನುವವನಲ್ಲ ನಾನು. 2023ರ ಅಕ್ಟೋಬರ್ 12ರಂದು ರಾಜ್ಯದಲ್ಲೆಲ್ಲಾ ಮೊಬೈಲ್‌ಗಳಿಗೆ ವಿಪತ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ಕಳಿಸಿದರು, ನೆನಪಿದೆಯಾ? ಫೋನು ಕಿರುಚಿದ್ದಕ್ಕೆ ಕೊಟ್ಟಿಗೆಯ ದನವೂ ಎದ್ದು ನಿಂತಿತು. ಒಳ್ಳೆಯ ಏರ್ಪಾಡು. ಒಂದೇ ತೊಂದರೆ. ಅಪಾಯ ಇಲ್ಲದ ದಿನ ಟವರ್‌ಗೆ ಕರೆಂಟ್ ಇರುತ್ತದೆ, ಅಪಾಯ ಇರುವ ದಿನ ಇರುವುದಿಲ್ಲ. 2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಮೇಷ್ಟ್ರೊಬ್ಬರು ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡರು. ಆಗ ಅದೂ ಸುದ್ದಿಯಾಯಿತು. ಎಲ್ಲರೂ ಭೇಷ್ ಅಂದರು. ಮೇಷ್ಟ್ರು ಮರ ಹತ್ತಬೇಕಾಯಿತಲ್ಲ ಅಂತ ನಾಚಿಕೊಳ್ಳಬೇಕಾದವರೂ ಭೇಷ್ ಅಂದರು.

ಟಿವಿ ಸುದ್ದಿಯನ್ನು ನಮ್ಮಲ್ಲಿ ಶ್ರದ್ಧೆಯಿಂದ ನೋಡುವವರು ಮಕ್ಕಳು ಮಾತ್ರ. ಸಿಗ್ನಲ್ ಬಂದರೆ ಸಾಕು, ಕೆಳಗಿನ ಪಟ್ಟಿಯ ಮೇಲೆ ಕಣ್ಣು. ಜಿಲ್ಲಾಧಿಕಾರಿ ನಾಳೆ ರಜೆ ಕೊಟ್ಟರಾ? ನನ್ನ ಮಗಳಿಗೆ ಮುಖ್ಯಮಂತ್ರಿ ಯಾರು ಅನ್ನುವುದಕ್ಕಿಂತ ಡಿಸಿ ಯಾರು ಅನ್ನುವುದು ಚೆನ್ನಾಗಿ ಗೊತ್ತು. ಮೊನ್ನೆ ರಾತ್ರಿ ತರಗತಿಯ ಗುಂಪಿನಲ್ಲಿ ರಜೆ ಆದೇಶ ಬಂತು, ಸೀಲು ಸಹಿ ಎಲ್ಲಾ ಇತ್ತು. ನಾನು ಅಲಾರಂ ಆರಿಸಲು ಹೊರಟಿದ್ದೆ. ಅವಳು ದೊಡ್ಡದು ಮಾಡಿ ನೋಡಿ, "ಅಪ್ಪಾ, ಇದು ಹಳೇದು. ಯಾರೋ ತಾರೀಖು ತಿದ್ದಿದ್ದಾರೆ. ಸಹಿ ಹಾಕಿದ ಡಿಸಿ ವರ್ಗ ಆಗಿ ಎಷ್ಟು ದಿನ ಆಯ್ತು!" ಅಂದಳು.

ನಿಜವಾದ ಆದೇಶ ಬಂದದ್ದು ಬೆಳಿಗ್ಗೆ, ಮಕ್ಕಳ ವ್ಯಾನು ಶಾಲೆಯ ಗೇಟು ಮುಟ್ಟಿದ ಮೇಲೆ. ಡ್ರೈವರ್ ಅಲ್ಲಿಂದಲೇ ತಿರುಗಿಸಿದರು, ವ್ಯಾನಿನೊಳಗೆ ಕೇಕೆ. ಹತ್ತು ಗಂಟೆಗೆ ಮಳೆ ನಿಂತು ಬಿಸಿಲು ಬಂತು. ಮಕ್ಕಳು ತೋಡಿನಲ್ಲಿ ಏಡಿ ಹಿಡಿಯಲು ಹೋದರು.

ಈಗ ಶಾಲೆಯಿಂದ ಸುತ್ತೋಲೆ ಬಂದಿದೆ. ಮಳೆ ರಜೆ ಸರಿದೂಗಿಸಲು ಇನ್ನು ಶನಿವಾರ ಮಧ್ಯಾಹ್ನವೂ ಪಾಠ ಇದೆಯಂತೆ. ಅದು ಫೇಕ್ ಅಂತ ಮಗಳು ವಾದಿಸುತ್ತಿದ್ದಾಳೆ. ಸಹಿ ಸರಿ ಇಲ್ಲವಂತೆ.