ಆಫ್ರಿಕಾಕ್ಕೆ ಹೋಗುವವರೇ, ಕಿಲ್ವಾಕ್ಕೆ ಎರಡು ದಿನ ಇಡಿ

ಜುಲೈ ಹತ್ತಿರ ಬಂದರೆ ಸಾಕು, ಟ್ರಾವೆಲ್ ಏಜೆಂಟರ ಜಾಹೀರಾತುಗಳಲ್ಲಿ ಇಡೀ ಆಫ್ರಿಕಾಕ್ಕೆ ಒಂದೇ ಚಿತ್ರ: ಮಸಾಯಿ ಮಾರಾದಲ್ಲಿ ಹೊಳೆ ದಾಟುತ್ತಿರುವ ವೈಲ್ಡ್‌ಬೀಸ್ಟ್ ಹಿಂಡು. ಆರು ರಾತ್ರಿ, ಮೂರು ಪಾರ್ಕು, ವಾಪಸ್ಸು. ಪ್ರಾಣಿ ನೋಡುವುದು ಬೇಡ ಎನ್ನುವ ಮಾತೇ ಇಲ್ಲ. ಆದರೆ ಲಕ್ಷಗಟ್ಟಲೆ ಸುರಿದು ಅಷ್ಟು ದೂರ ಹೋದವರು ಆ ನೆಲದ ಮನುಷ್ಯರು ಕಟ್ಟಿದ್ದನ್ನು ಒಂದನ್ನೂ ನೋಡದೆ ಬರುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟ. ಅದರಲ್ಲೂ ಪೂರ್ವ ಕರಾವಳಿ. ಕಾರವಾರ, ಹೊನ್ನಾವರದ ಬಂದರುಗಳು ಯಾವ ಸಮುದ್ರಕ್ಕೆ ಮುಖ ಮಾಡಿವೆಯೋ ಅದೇ ಸಮುದ್ರದ ಆಚೆ ದಡ ಅದು.

ಮೊದಲು ಕಿಲ್ವಾ ಕಿಸಿವಾನಿ. ತಾಂಜಾನಿಯಾದ ದಕ್ಷಿಣ ಕರಾವಳಿಯ ಒಂದು ಪುಟ್ಟ ದ್ವೀಪ. ಈ ಊರು ಶ್ರೀಮಂತವಾದದ್ದು ಗಾಳಿಯಿಂದ. ನಾವು ಮುಂಗಾರು ಎನ್ನುವ ಗಾಳಿಗೆ ಅಲ್ಲಿಯವರು ಕುಸಿ ಎನ್ನುತ್ತಾರೆ. ನವೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ. ಅರಬಸ್ತಾನದಿಂದಲೋ ಗುಜರಾತಿನಿಂದಲೋ ಕಸ್ಕಾಜಿ ಹಿಡಿದು ಹೊರಟ ಹಡಗು ಒಂದೇ ಹಂಗಾಮಿನಲ್ಲಿ ಮುಟ್ಟಿ, ಕುಸಿ ಎದ್ದಾಗ ಮರಳಬಹುದಾದ ಕಟ್ಟಕಡೆಯ ತಾಣ ಹೆಚ್ಚುಕಡಿಮೆ ಕಿಲ್ವಾ. ಅದಕ್ಕಿಂತ ದಕ್ಷಿಣಕ್ಕೆ, ಈಗಿನ ಮೊಜಾಂಬಿಕ್‌ನಲ್ಲಿದ್ದ ಸೊಫಾಲಾ ಬಂದರಿನ ಚಿನ್ನವೆಲ್ಲ ಹೀಗೆ ಕಿಲ್ವಾದವರ ಕೈಯಿಂದಲೇ ದಾಟಬೇಕಾಯಿತು. 1331ರಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದು ಊರಿನ ಚೆಲುವನ್ನು ಹೊಗಳಿ ಬರೆದ.

ಕಟ್ಟಡಗಳೆಲ್ಲ ಹವಳದ ಕಲ್ಲಿನವು. ಸಮುದ್ರದಿಂದ ಹಸಿಯಾಗಿ ತೆಗೆದಾಗ ಹವಳ ಮೆತ್ತಗಿರುತ್ತದೆ, ಉಳಿಯಿಂದ ಬೇಕಾದಂತೆ ಕೆತ್ತಬಹುದು. ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಅದೇ ಹವಳವನ್ನು ಸುಟ್ಟರೆ ಗಾರೆಗೆ ಸುಣ್ಣ. ಕೋಣೆಗಳು ಉದ್ದವಾಗಿದ್ದರೂ ಅಗಲ ಎರಡೂವರೆ ಮೀಟರಿನ ಆಸುಪಾಸು ಮಾತ್ರ ಏಕೆ ಎಂದು ಅಲ್ಲಿ ನಿಂತು ಯೋಚಿಸಿ. ಚಾವಣಿಯ ತೊಲೆ ಕಾಂಡ್ಲಾ (ಮ್ಯಾಂಗ್ರೋವ್) ಮರದ್ದು. ಆ ಮರ ಎಷ್ಟು ಉದ್ದದ ನೇರ ಕಂಬ ಕೊಡುತ್ತದೋ ಅಷ್ಟೇ ಕೋಣೆಯ ಅಗಲ. ಆ ಮಿತಿಯನ್ನು ದಾಟಲು ಮಾಡಿದ ಸಾಹಸವೇ ದೊಡ್ಡ ಮಸೀದಿಯ ಕಮಾನು, ಗುಮ್ಮಟಗಳು. ಮಸೀದಿಯ ಹಳೆಯ ಭಾಗ 11ನೇ ಶತಮಾನದ್ದು, ವಿಸ್ತರಣೆ 14ನೆಯದರಲ್ಲಿ. ಹೆಚ್ಚಿನವರು ಇಷ್ಟಕ್ಕೇ ತಿರುಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಪೂರ್ವಕ್ಕೆ ನಡೆದರೆ ಕಡಲಂಚಿನ ದಿಬ್ಬದ ಮೇಲೆ ಹುಸುನಿ ಕುಬ್ವಾ ಇದೆ, ಸುಲ್ತಾನ ಅಲ್ ಹಸನ್ ಇಬ್ನ್ ಸುಲೈಮಾನ್ ಕಟ್ಟಿಸಿದ ಅರಮನೆ. ನೂರಕ್ಕೂ ಹೆಚ್ಚು ಕೋಣೆ, ಸಮುದ್ರಕ್ಕೆ ಎದುರಾಗಿ ಎಂಟು ಮೂಲೆಯ ಸ್ನಾನದ ಕೊಳ. ಕಿಲ್ವಾದಲ್ಲಿ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು.

1505ರ ಜುಲೈನಲ್ಲಿ ಪೋರ್ಚುಗೀಸರ ಫ್ರಾನ್ಸಿಸ್ಕೊ ದ ಅಲ್ಮೇದಾ ಕಿಲ್ವಾವನ್ನು ಲೂಟಿ ಮಾಡಿ ಕೋಟೆ ಹಾಕಿದ. ಅಲ್ಲಿಂದ ಮೊಂಬಾಸಾ, ಸೆಪ್ಟೆಂಬರಿಗೆ ನಮ್ಮ ಕಾರವಾರದ ಎದುರಿನ ಅಂಜದೀವ್. ಅಲ್ಲೂ ಕೋಟೆ. ಮುಂದಿನ ತಿಂಗಳು ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ. ಒಂದೇ ದಂಡಯಾತ್ರೆ, ಒಂದೇ ವರ್ಷ. ಅಂಜದೀವ್ ಈಗ ನೌಕಾಪಡೆಯ ವಶದಲ್ಲಿದೆ, ನಾವು ನೀವು ಕಾಲಿಡುವಂತಿಲ್ಲ. ಕಿಲ್ವಾಕ್ಕೆ ಹೋಗಬಹುದು. ಅಲ್ಲಿ ದಡದಲ್ಲೇ ಕಾಣುವ ಗೆರೆಜಾ ಕೋಟೆ ಪೋರ್ಚುಗೀಸರು ಕಟ್ಟಿದ ಜಾಗದ್ದೇ, ಆದರೆ ಈಗಿನ ರೂಪ ಒಮಾನಿಗಳು ಮರುಕಟ್ಟಿದ್ದು.

ಹೋಗುವ ದಾರಿಯಲ್ಲಿ ಎಡವಟ್ಟಾಗುವುದು ಹೆಸರಿನಿಂದ. ಕಿಲ್ವಾ ಮೂರಿವೆ. ಉಳಿದುಕೊಳ್ಳುವ ಪಟ್ಟಣ ಕಿಲ್ವಾ ಮಸೋಕೊ, ಅವಶೇಷ ಇರುವ ದ್ವೀಪ ಕಿಲ್ವಾ ಕಿಸಿವಾನಿ, ಇನ್ನೊಂದು ಹಳೆ ಪೇಟೆ ಕಿಲ್ವಾ ಕಿವಿಂಜೆ. ದಾರ್ ಎಸ್ ಸಲಾಮ್‌ನಿಂದ ಸುಮಾರು 300 ಕಿಲೋಮೀಟರ್, ಬಸ್ಸಿನಲ್ಲಿ ಐದಾರು ಗಂಟೆ. ದಕ್ಷಿಣದ ಬಸ್ಸುಗಳು ಊರಿನ ಮ್ಬಗಾಲಾ ಕಡೆಯಿಂದ ಬೆಳಗ್ಗೆ ಬೇಗ ಹೊರಡುತ್ತವೆ. ಲಿಂಡಿ, ಮ್ತ್ವಾರಾಕ್ಕೆ ಹೋಗುವ ಬಸ್ಸು ಹತ್ತಿದರೆ ನಂಗುರುಕುರು ಕವಲಿನಲ್ಲಿ ಇಳಿಸಿ ಹೋಗುತ್ತಾರೆ, ಅಲ್ಲಿಂದ ಮಸೋಕೊಗೆ ಬೇರೆ ಗಾಡಿ ಹಿಡಿಯಬೇಕು. ಮಸೋಕೊದ ಸರಕಾರಿ ಕಚೇರಿಯಲ್ಲಿ ಪರವಾನಗಿ ಪಡೆದ ಮೇಲೆಯೇ ದೋಣಿ. ವಾರದ ದಿನಗಳಲ್ಲಿ ಮಧ್ಯಾಹ್ನದೊಳಗೆ ಮಸೋಕೊ ತಲುಪಿ, ಸಂಜೆಯೇ ಕಾಗದ ಮಾಡಿಸಿಟ್ಟು ಮರುದಿನ ಮುಂಜಾನೆ ದಾಟುವುದು ಸರಿಯಾದ ಕ್ರಮ.

ಕಡಲ ದಾರಿ ಬರೀ ಎರಡು ಕಿಲೋಮೀಟರ್. ಆದರೆ ಈ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಇಳಿತದ ವ್ಯತ್ಯಾಸ ಮೂರು ಮೀಟರ್ ದಾಟುತ್ತದೆ. ಇಳಿತದಲ್ಲಿ ದೋಣಿ ದಡ ಮುಟ್ಟುವುದಿಲ್ಲ, ಮೊಣಕಾಲು ನೀರಿನಲ್ಲಿ ನಡೆಯಬೇಕು. ತಳದಲ್ಲಿ ಚೂಪು ಹವಳ, ಕಡಲಮುಳ್ಳಿ. ಒದ್ದೆಯಾದರೂ ನಡೆಯುವ, ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಪಕ್ಕದ ಸೊಂಗೊ ಮ್ನಾರಾ ದ್ವೀಪಕ್ಕೆ ಮೋಟಾರು ದೋಣಿಯೇ ಬೇಕು, ಹೋಗಿ ಬರಲು ಪೂರ್ತಿ ದಿನ, ಅಲ್ಲೂ ಕಾಂಡ್ಲಾ ಕಾಡಿನ ಕೆಸರು ತುಳಿಯುವ ಭಾಗ ಇದೆ. ಹುಷಾರಾಗಿ ನಡೆಯುವ ಶಕ್ತಿ ಇದ್ದರೆ ಬಿಡಬೇಡಿ. ಮಾರ್ಚ್‌ನಿಂದ ಮೇವರೆಗೆ ಮಾತ್ರ ಈ ಕಡೆ ತಲೆ ಹಾಕಬೇಡಿ: 2024ರ ಮೇ ತಿಂಗಳಲ್ಲಿ ಹಿದಾಯಾ ಚಂಡಮಾರುತದ ಮಳೆಗೆ ಇದೇ ಹೆದ್ದಾರಿ ಹಲವೆಡೆ ಕಿತ್ತುಹೋಗಿ ದಕ್ಷಿಣದ ಸಂಪರ್ಕವೇ ಕಡಿದಿತ್ತು. ಜೂನ್‌ನಿಂದ ಅಕ್ಟೋಬರ್ ಒಳ್ಳೆಯದು.

ದ್ವೀಪದಲ್ಲಿ ದಪ್ಪ ಕಾಂಡದ ಬಾವೊಬಾಬ್ ಮರಗಳಿವೆ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಮೂರು ದೈತ್ಯ ಮರಗಳನ್ನು ನೋಡಿದವರಿಗೆ ತಕ್ಷಣ ಗುರುತು ಹತ್ತುತ್ತದೆ. ಅದೇ ಜಾತಿ, ಮೂಲ ಆಫ್ರಿಕಾದ್ದೇ.

ಕೀನ್ಯಾ ಪ್ರವಾಸವನ್ನೇ ನಿಗದಿ ಮಾಡಿಕೊಂಡವರಿಗೆ ಕಿಲ್ವಾದ ಸುಲಭ ರೂಪ ಗೇದಿ. ಮಲಿಂದಿಯಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್, ಕಾಡಿನೊಳಗೆ ಮುಳುಗಿದ, ಈ ಕರಾವಳಿಯ ಸ್ವಾಹಿಲಿ ಜನರ ಹಳೆಯ ಊರು, 2024ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಅರ್ಧ ದಿನ ಸಾಕು, ದೋಣಿ ಬೇಡ, ಪರದಾಟ ಇಲ್ಲ. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವವರಿಗೆ ನಾನು ಕಿಲ್ವಾ ಬದಲು ಇದನ್ನೇ ಹೇಳುತ್ತೇನೆ.

ಕಿಲ್ವಾ ದಾಟಿಸುತ್ತಿದ್ದ ಚಿನ್ನ ಬರುತ್ತಿದ್ದ ಒಳನಾಡನ್ನೂ ನೋಡಬೇಕಾದರೆ ಜಿಂಬಾಬ್ವೆ ದೇಶದಲ್ಲಿರುವ ಹಳೆಯ ಕಲ್ಲಿನ ಊರು ಗ್ರೇಟ್ ಜಿಂಬಾಬ್ವೆಗೆ ಹೋಗಬೇಕು. ಮಸ್ವಿಂಗೊ ಪಟ್ಟಣದಿಂದ ಸುಮಾರು 30 ಕಿಲೋಮೀಟರ್. ಅಲ್ಲಿ ಅಗೆದಾಗ ಸಿಕ್ಕ ಒಂದು ತಾಮ್ರದ ನಾಣ್ಯ, ಹುಸುನಿ ಕುಬ್ವಾ ಕಟ್ಟಿಸಿದ ಅದೇ ಸುಲ್ತಾನನದ್ದು. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್, ಎಲ್ಲೂ ಗಾರೆಯಿಲ್ಲ. ಅಲ್ಲಿನ ಗ್ರಾನೈಟ್ ಬೆಟ್ಟಗಳು ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುತ್ತವೆ. ಬೆಂಕಿ ಹಾಕಿ ಕಾಯಿಸಿ ಪದರ ಸೀಳಿ, ಇಟ್ಟಿಗೆ ಗಾತ್ರಕ್ಕೆ ಒಡೆದು ಜೋಡಿಸಿದ್ದಾರೆ. ಬೆಂಗಳೂರಿನ ಸುತ್ತ ಕಲ್ಲುಚಪ್ಪಡಿ ಎಬ್ಬಿಸಲು ನಮ್ಮ ಕಲ್ಲುಕುಟಿಗರು ಬಳಸುತ್ತಿದ್ದದ್ದೂ ಬೆಂಕಿಯನ್ನೇ. ಹಂಪಿಯ ಬಂಡೆಗಳ ನಡುವೆ ಓಡಾಡಿದ ಕಣ್ಣಿಗೆ ಅಲ್ಲಿನ ಗುಡ್ಡದ ಮೇಲಿನ ಕಟ್ಟಡ ಅಪರಿಚಿತ ಅನಿಸುವುದೇ ಇಲ್ಲ. ಬಂಡೆಯನ್ನು ತೆಗೆಯದೆ ಅದನ್ನೇ ಗೋಡೆಯ ಭಾಗ ಮಾಡಿಕೊಂಡ ರೀತಿ ಎರಡೂ ಕಡೆ ಒಂದೇ.

1871ರಲ್ಲಿ ಇಲ್ಲಿಗೆ ಬಂದ ಕಾರ್ಲ್ ಮೌಖ್ ಎಂಬ ಜರ್ಮನ್, ಬಾಗಿಲ ಮೇಲಿನ ಮರದ ತುಂಡು ತನ್ನ ಪೆನ್ಸಿಲಿನ ಮರದಂತಿದೆ, ಹಾಗಾಗಿ ಇದು ಲೆಬನಾನಿನ ಸೀಡರ್, ಹಾಗಾಗಿ ಇದು ಶೀಬಾ ರಾಣಿಯ ಮನೆ ಎಂದು ತೀರ್ಮಾನಿಸಿದ. 1905ರಲ್ಲಿ ರ‍್ಯಾಂಡಲ್ ಮಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ನೋಡಿ ಇದು ಆಫ್ರಿಕನ್ನರದ್ದೇ ಎಂದು ತೋರಿಸಿಕೊಟ್ಟರು. ಆದರೂ ಬಿಳಿಯರ ರೊಡೇಶಿಯಾ ಸರಕಾರ ಕೊನೆತನಕ ಅದನ್ನು ಒಪ್ಪಗೊಡಲಿಲ್ಲ. ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಈ ಊರಿನ ಹೆಸರನ್ನೇ ಇಟ್ಟು, ಇಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿಯನ್ನು ಬಾವುಟಕ್ಕೆ ಏರಿಸಿದ್ದು ಏಕೆಂದು ಆಗ ತಿಳಿಯುತ್ತದೆ.

ಬೆಳಗ್ಗೆ ಗುಡ್ಡ, ಬಿಸಿಲೇರಿದ ಮೇಲೆ ಕೆಳಗಿನ ಆವರಣ. ಆ ಕ್ರಮ ತಪ್ಪಿಸಬೇಡಿ. ಗೋಡೆ ಹತ್ತಬೇಡಿ, ಒರಗಲೂ ಬೇಡಿ. ಗೋಡೆಗೆ ಎರಡು ಮುಖ, ನಡುವೆ ಸಡಿಲ ಕಲ್ಲಿನ ತುಂಬು; ಮಳೆನೀರು ಇಳಿದರೆ ತುಂಬು ಜಾರಿ ಮುಖ ಹೊಟ್ಟೆ ಬಿಡುತ್ತದೆ, ಆಮೇಲೆ ಒಂದು ಕಲ್ಲು ಸಡಿಲವಾದರೂ ಸಾಲಿಗೆ ಸಾಲೇ ಬೀಳುತ್ತದೆ. ನಮ್ಮ ಬಂಡೀಪುರವನ್ನು ತಿನ್ನುತ್ತಿರುವ ಲಂಟಾನಾ ಅಲ್ಲೂ ಸಂದುಗಳಲ್ಲಿ ಬೇರಿಳಿಸಿ ಇದೇ ಹಾಳು ಮಾಡುತ್ತಿದೆ. ಖರ್ಚಿಗೆ ಒಂದು, ಐದು, ಹತ್ತು ಅಮೆರಿಕನ್ ಡಾಲರಿನ ಚಿಲ್ಲರೆ ನೋಟು ಒಯ್ಯಿರಿ, ದೊಡ್ಡ ನೋಟಿಗೆ ಚಿಲ್ಲರೆ ಹುಟ್ಟುವುದಿಲ್ಲ.

ಲಾಲಿಬೆಲಾ ಬಗ್ಗೆ ಕೇಳುವವರು ಬಹಳ. ಇಥಿಯೋಪಿಯಾದ ಹನ್ನೊಂದು ಏಕಶಿಲಾ ಚರ್ಚುಗಳು, ಎಲ್ಲೋರಾದಲ್ಲಿ ರಾಷ್ಟ್ರಕೂಟರ ಕೈಲಾಸದಂತೆ ಮೇಲಿನಿಂದ ಕೆಳಕ್ಕೆ ಕೊರೆದದ್ದು. ಬೆಂಗಳೂರಿನಿಂದ ಅಡಿಸ್ ಅಬಾಬಾಕ್ಕೆ ನೇರ ವಿಮಾನ ಇರುವುದರಿಂದ ಆಸೆ ಸಹಜ. ಆದರೆ 2023ರ ಆಗಸ್ಟಿನಿಂದ ಅಂಹಾರಾ ಪ್ರಾಂತ್ಯದಲ್ಲಿ ಸಶಸ್ತ್ರ ಸಂಘರ್ಷ ಎದ್ದಿದೆ. ಪರಿಸ್ಥಿತಿ ಪೂರ್ತಿ ತಿಳಿಯಾಗಿದೆ ಎಂದು ಖಚಿತವಾಗುವ ತನಕ ಮುಂದೂಡಿ, ರಸ್ತೆ ಮೂಲಕವಂತೂ ಬೇಡವೇ ಬೇಡ. ಸುಡಾನಿನ ಮೆರೊವೆ ಪಿರಮಿಡ್ಡುಗಳದ್ದೂ ಅದೇ ಕಥೆ, 2023ರ ಏಪ್ರಿಲ್‌ನಿಂದ ಯುದ್ಧ.

ಪ್ರಕೃತಿಯದ್ದೂ ಒಂದು ಇರಲಿ ಎಂದರೆ ನನ್ನ ಆಯ್ಕೆ ಉತ್ತರ ತಾಂಜಾನಿಯಾದ ನೇಟ್ರನ್ ಸರೋವರ, ಅದರ ತಲೆಯ ಮೇಲೆ ನಿಂತಿರುವ ಓಲ್ ದೊಯಿನ್ಯೊ ಲೆಂಗೈ. ಸೋಡಾ ತುಂಬಿದ ಕಾರ್ಬೊನೇಟ್ ಲಾವಾ ಉಗುಳುವ, ಈಗಲೂ ಜೀವಂತ ಇರುವ ಜ್ವಾಲಾಮುಖಿ ಜಗತ್ತಿನಲ್ಲಿ ಇದೊಂದೇ. ಮಾಮೂಲಿ ಲಾವಾ ಸಾವಿರ ಡಿಗ್ರಿ ಮೀರಿದರೆ ಇದು 500ರಿಂದ 600 ಸೆಲ್ಸಿಯಸ್. ಹಗಲಲ್ಲಿ ಕೆಂಪಗೆ ಹೊಳೆಯದೆ ಕಪ್ಪು ಕೆಸರಿನಂತೆ ಹರಿಯುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಬೆಳ್ಳಗಾಗುತ್ತದೆ. ಸುತ್ತಲಿನ ಜ್ವಾಲಾಮುಖಿ ನೆಲದ ಸೋಡಾ ತೊಳೆದು ಬಂದು ಸೇರುವುದು ಸರೋವರಕ್ಕೆ. ಬೇಟೆಪ್ರಾಣಿ ಕಾಲಿಡಲಾರದ ಆ ಕ್ಷಾರದ ಕೆಸರಿನ ನಡುವೆ ಕಿರು ರಾಜಹಂಸಗಳು ಗೂಡು ಕಟ್ಟುತ್ತವೆ. ಪೂರ್ವ ಆಫ್ರಿಕಾದಲ್ಲಿ ಅವು ಮರಿ ಮಾಡುವ ಮುಖ್ಯ ಜಾಗ ಇದೇ. ಹತ್ತಿರದ ಎಂಗಾರೆ ಸೆರೊದಲ್ಲಿ ಗಟ್ಟಿಯಾದ ಬೂದಿಗೆಸರಿನಲ್ಲಿ ನಾನೂರಕ್ಕೂ ಹೆಚ್ಚು ಪುರಾತನ ಮನುಷ್ಯರ ಹೆಜ್ಜೆಗುರುತು ಇದೆ, ಅದನ್ನು ನೋಡದೆ ಹೊರಡಬೇಡಿ. ಮ್ತೊ ವಾ ಮ್ಬು ಕಡೆಯಿಂದ ಬರುವ ದಾರಿಯಲ್ಲಿ ಗೇಟಿಗೊಂದು ಶುಲ್ಕ. ಏಜೆಂಟರು ಕೊಟ್ಟ ದರದಲ್ಲಿ ಅದು ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ. ದಡದ ಬಿಳಿ ಪದರದ ಮೇಲೆ ಗೈಡ್ ಇಲ್ಲದೆ ಹೆಜ್ಜೆ ಇಡಬೇಡಿ, ಕುಸಿದರೆ ಕ್ಷಾರ ಚರ್ಮ ಸುಡುತ್ತದೆ.

ಕಾಗದಪತ್ರದ ಒಂದು ಮಾತು, ಎಲ್ಲರೂ ಮರೆಯುವಂಥದ್ದು. ಕೀನ್ಯಾ, ಇಥಿಯೋಪಿಯಾದಿಂದ ಮರಳುವಾಗ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಕ್ವಾರಂಟೈನಿಗೆ ಹಾಕಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ, ಅಧಿಕೃತ ಕೇಂದ್ರದಲ್ಲಿ ಮಾತ್ರ ಸಿಗುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಟಿಕೆಟ್ಟಿನ ಜೊತೆಗೇ ಇದನ್ನೂ ಮುಗಿಸಿ. ಮಲೇರಿಯಾ ಮಾತ್ರೆ ವೈದ್ಯರನ್ನು ಕೇಳಿ ಹೊರಡುವ ಮೊದಲೇ ಶುರು ಮಾಡಿ. ಪ್ಲಾಸ್ಟಿಕ್ ಕೈಚೀಲ ಕೀನ್ಯಾದಲ್ಲೂ ತಾಂಜಾನಿಯಾದಲ್ಲೂ ನಿಷೇಧ. ಚಕ್ಕುಲಿ, ಚಟ್ನಿಪುಡಿಯನ್ನು ಡಬ್ಬಿಯಲ್ಲಿ ಒಯ್ಯಿರಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಕರಾವಳಿಯಲ್ಲಿ ಅನ್ನ ಮತ್ತು ತೆಂಗಿನ ಹಾಲಿನ ಹುರುಳಿಕಾಯಿ ಕಾಳಿಗೆ ವಾಲಿ ನಾ ಮಹರಾಗೆ ಎಂದು ಕೇಳಿ. ಉಗಾಲಿ ಎಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಹತ್ತು ದಿನ ಇದ್ದರೆ ಹೀಗೆ ಮಾಡಿ: ದಾರ್‌ನಲ್ಲಿ ಇಳಿದು ಹೋಗಿ ಬರುವ ದಾರಿ ಸೇರಿ ಕಿಲ್ವಾಕ್ಕೆ ನಾಲ್ಕು ದಿನ, ಅರೂಷಾಕ್ಕೆ ವಿಮಾನ, ನೇಟ್ರನ್‌ಗೆ ಎರಡು ರಾತ್ರಿ, ಉಳಿದದ್ದು ಸೆರೆಂಗೆಟಿಗೆ. ಲೆಂಗೈ ಹತ್ತುವ ಮನಸ್ಸಿದ್ದರೆ ಮಾತ್ರ ಕ್ರಮ ಬದಲಿಸಿ ಅದನ್ನು ಕಟ್ಟಕಡೆಗೆ ಇಡಿ. ಬಿಸಿಲು ತಪ್ಪಿಸಲು ನಡುರಾತ್ರಿ ಹೊರಟು ಐದಾರು ಗಂಟೆಯಲ್ಲಿ ಸುಮಾರು 1,600 ಮೀಟರ್ ಏರಬೇಕು, ಹತ್ತುವುದಕ್ಕಿಂತ ಸಡಿಲ ಬೂದಿಯ ಮೇಲೆ ಇಳಿಯುವುದೇ ಕಷ್ಟ, ಮರುದಿನ ಮೊಣಕಾಲು ಜೀಪಿನ ಮೆಟ್ಟಿಲನ್ನೂ ಏರಲು ಬಿಡುವುದಿಲ್ಲ.