ಕೈಪಿಡಿಯಲ್ಲಿ ಇಲ್ಲದ ಪಾಠ
ಎಚ್‌ಐವಿ ತಡೆಗೆ ಲೈಂಗಿಕ ಕಾರ್ಯಕರ್ತೆಯರನ್ನು 'ತರಬೇತಿ ಕೊಟ್ಟು ತಯಾರು ಮಾಡಲಾಯಿತು' ಎನ್ನುತ್ತದೆ ಈ ಬಗ್ಗೆ ನಾನು ಓದಿದ ಲೇಖನವೊಂದು. ಅರ್ಧ ಸತ್ಯ. ಕೋಲ್ಕತ್ತದ ಕೆಂಪು ದೀಪ ಪ್ರದೇಶ ಸೋನಾಗಾಚಿಯಲ್ಲಿ 1992ರಲ್ಲಿ ವೈದ್ಯ ಡಾ. ಸ್ಮರಜಿತ್ ಜಾನಾ ಈ ಕಾರ್ಯಕರ್ತೆಯರನ್ನೇ ಶಿಕ್ಷಕಿಯರನ್ನಾಗಿಸಿದಾಗ ಅವರು ಕಾಂಡೋಮ್ ಹಂಚಿ ಸುಮ್ಮನಾಗಲಿಲ್ಲ. 1995ರಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡು ಹಕ್ಕು ಕೇಳಿದರು. ನಮ್ಮ ಮೈಸೂರಿನ ಲೈಂಗಿಕ ಕಾರ್ಯಕರ್ತರ ಸಂಘಟನೆ ಆಶೋದಯ ಸಮಿತಿಯದೂ ಅದೇ ಜಾಡು.

ನಾನು ಕೆಲ ಕಾಲ (ಬೇರೊಂದು ಊರಿನಲ್ಲಿ) ಇಂಥದೇ ಕೆಲಸದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಗಿರಾಕಿ ಕಾಂಡೋಮ್ ಬೇಡವೆಂದು ಹೆಚ್ಚು ಹಣ ಚಾಚಿದರೆ ಅವನನ್ನು ಹೇಗೆ ಒಪ್ಪಿಸಬೇಕು ಎಂಬುದು ನನ್ನ ಕೈಪಿಡಿಯಲ್ಲಿ ಇರಲಿಲ್ಲ, ಆ ಕಾರ್ಯಕರ್ತೆಯರ ನಾಲಿಗೆಯ ತುದಿಯಲ್ಲಿತ್ತು. ಆದರೂ ಸಂಬಳ ನನಗೆ, ಕಲಿಸಿದವರಿಗೆ 'ಗೌರವಧನ'. ಅದೂ ಮೂರು ತಿಂಗಳು ತಡವಾಗಿ. ಲೇಖಕರು ಈ ಬಗ್ಗೆ ಒಂದು ಸಾಲನ್ನಾದರೂ ಬರೆಯಬಹುದಿತ್ತು.